ಓಡುವ ಹುಡುಗಿಯರ ಇಸಿಜಿ ತೆಗೆದ ಕಾಲ

ಹುರಿದ ಶೇಂಗಾವನ್ನು ಮೊರಕ್ಕೆ ಹಾಕಿಕೊಂಡು ತಿಕ್ಕಿ ಸಿಪ್ಪೆ ಊದುತ್ತಿದ್ದೆ. ಚಟ್ನಿಪುಡಿ ಮುಗಿದಿತ್ತು. ನಮ್ಮ ಮನೆಯವರು ಊಟಕ್ಕೆ ಕೂತಾಗೆಲ್ಲ ಖಾಲಿ ಡಬ್ಬಿಯನ್ನು ಒಮ್ಮೆ ಅಲ್ಲಾಡಿಸಿ ನನ್ನ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಮಂಜುಳಾಳ ಫೋನು ಬಂತು. ನಾನು ನಿವೃತ್ತಳಾದ ಮೇಲೆ ಹೊಸಪೇಟೆಯ ನಮ್ಮ ಆಸ್ಪತ್ರೆಯ ಇಸಿಜಿ ಕೋಣೆಯಲ್ಲಿ ನನ್ನ ಸ್ಟೂಲಿನ ಮೇಲೆ ಕೂತಿರುವ ಹುಡುಗಿ ಅವಳು. ದೂರದ ಓಟಕ್ಕೆ ತಯಾರಾಗುವ ಹೆಣ್ಣುಮಕ್ಕಳನ್ನೆಲ್ಲ ಇನ್ನು ಮೇಲೆ ವರ್ಷಕ್ಕೊಮ್ಮೆ ಎದೆ ಪರೀಕ್ಷೆಗೆ ನಮ್ಮಲ್ಲಿಗೇ ಕಳಿಸುತ್ತಾರಂತೆ. ಸೋಮವಾರ ಮೊದಲ ತಂಡ ಬರುತ್ತದಂತೆ.

"ಅಕ್ಕಾರ, ನಾ ಇಲ್ಲೀಮಟ ಬರೀ ವಯಸ್ಸಾದವರ ಎದಿ ನೋಡೀನ್ರಿ. ಓಡೋ ಹುಡುಗೇರದು ಹೆಂಗಿರತೈತಿ, ಸ್ವಲ್ಪ ಹೇಳ್ರಿ" ಎಂದಳು.

ಒಂದು ಕೈಯಲ್ಲಿ ಮೊರ, ಒಂದು ಕೈಯಲ್ಲಿ ಫೋನು ಹಿಡಿದು ಹೇಳುವ ವಿಷಯವೇ ಅದು? ಬರೆದು ಕೊಡುತ್ತೇನೆ, ಎರಡು ದಿನ ತಡಿ ಎಂದೆ. ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿಸಿ, ಈಗ ಕೂತಿದ್ದೇನೆ. ಮಂಜುಳಾಳಿಗೆ ಎಂದು ಬರೆಯುತ್ತಿದ್ದರೂ ಈ ಕೆಲಸಕ್ಕೆ ಬರುವ ಎಲ್ಲ ಹುಡುಗಿಯರಿಗೂ ಇದು ಇರಲಿ.

ಈ ಕೆಲಸಕ್ಕೆ ನಾನು ಸೇರಿದ್ದು ನನ್ನ ಜಾಣತನದಿಂದಲ್ಲ, ಊರ ಹೆಂಗಸರ ನಾಚಿಕೆಯಿಂದ. ಆಗ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯಲು ಇದ್ದವನು ಒಬ್ಬ ಗಂಡಸು. ಒಳ್ಳೆಯವನೇ, ಪಾಪ. ಆದರೆ ಅವನು ಕೋಣೆಗೆ ಬಂದ ಕೂಡಲೇ ಹೆಂಗಸರು ಸೆರಗು ಬಿಗಿ ಮಾಡಿಕೊಂಡು, ಎದೆನೋವು ಹೋಯಿತು ಎಂದು ಎದ್ದು ಕೂಡುತ್ತಿದ್ದರು. ನಮ್ಮ ದೊಡ್ಡ ಡಾಕ್ಟರು ತಲೆ ಚಚ್ಚಿಕೊಂಡು, ಓದು ಬರಹ ಬಲ್ಲ, ಬಾಯಿ ಗಟ್ಟಿ ಇರುವ ಒಬ್ಬ ಹೆಣ್ಣುಮಗಳನ್ನು ಹುಡುಕಿರಿ ಎಂದರು. ನನ್ನ ಓದು ಹೇಳಿಕೊಳ್ಳುವಷ್ಟಿರಲಿಲ್ಲ. ಬಾಯಿ ಮಾತ್ರ ದೇವರು ಧಾರಾಳವಾಗಿ ಕೊಟ್ಟಿದ್ದ. ಕಾಲುವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮನೆಯವರು, ಅಡುಗೆ ಮಾಡಿಟ್ಟು ಹೋಗುವುದಾದರೆ ಅಡ್ಡಿಯಿಲ್ಲ ಎಂದರು. ಮಾಡಿಟ್ಟೇ ಹೋದೆ, ಕೊನೆಯ ದಿನದವರೆಗೂ.

ಆಗಿನ ಮಿಷನ್ನಿಗೆ ಈಗಿನಂತೆ ಸ್ಟಿಕರು ಇರಲಿಲ್ಲ. ರಬ್ಬರಿನ ಬುರುಡೆ ಹಿಚುಕಿ ಎದೆಗೆ ಅಂಟಿಸಬೇಕು. ಕೈಕಾಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥವು, ಅದಕ್ಕಿಂತ ದೊಡ್ಡವು. ಬುರುಡೆ ತೆಗೆದಾಗ ಎದೆಯ ಮೇಲೆ ಗುಂಡಗೆ ಕೆಂಪು ಗುರುತು ಉಳಿಯುತ್ತಿತ್ತು. ಕಂಪ್ಲಿಯ ಒಬ್ಬ ಅಜ್ಜಿ ಅದನ್ನು ನೋಡಿಕೊಂಡು, ಗಂಡನಿಗೆ ಏನಂತ ಹೇಳಲಿ ಎಂದು ನನ್ನನ್ನೇ ಗದರಿದ್ದಳು.

ಹೆಂಗಸರ ಇಸಿಜಿಯಲ್ಲಿ ತಪ್ಪು ಆಗುವುದು ಎಲ್ಲಿ ಎಂದರೆ, ಮಿಷನ್ನಿನಲ್ಲಲ್ಲ, ಸಂಕೋಚದಲ್ಲಿ. ಎದೆಯ ಕೆಳಗೆ, ಪಕ್ಕೆಲುಬಿನ ಸಂದಿಗೆ ಹೋಗಬೇಕಾದ ವೈರನ್ನು, ಸುಮ್ಮನೆ ಯಾಕೆ ಎಂದು ಮೇಲೆಯೇ ಅಂಟಿಸಿಬಿಡುತ್ತಾರೆ. ಗ್ರಾಫು ಎಲ್ಲಾ ಅಡ್ಡಾದಿಡ್ಡಿ ಬಂದು, ಎಂದೋ ಹಾರ್ಟ್ ಅಟ್ಯಾಕ್ ಆಗಿದೆಯೇನೋ ಎನ್ನುವಂತೆ ಕಾಣುತ್ತದೆ. ಗಟ್ಟಿಮುಟ್ಟಾದ ಹೆಣ್ಣುಮಗಳು ಅಳುತ್ತಾ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಹೋಗುತ್ತಾಳೆ. ಆದ್ದರಿಂದ ಮೊದಲು ಬಾಗಿಲು ಹಾಕಿ, ಪರದೆ ಎಳೆಯಿರಿ, ಚಾದರ ಹೊದಿಸಿ, ಏನು ಮಾಡುತ್ತೀರಿ ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ಎಲುಬು ಎಣಿಸಿ, ಎಲ್ಲಿ ಹಚ್ಚಬೇಕೋ ಅಲ್ಲೇ ಹಚ್ಚಿ. ತಾಳಿ ತೆಗೆಯಿರಿ ಎನ್ನಬೇಡಿ. ಬೆನ್ನಿನ ಕಡೆ ಸರಿಸಿಕೊಳ್ಳಿ ಎಂದರೆ ಸಾಕು. ಇಷ್ಟಕ್ಕೇ ಅರ್ಧ ಕೆಲಸ ಮುಗಿಯುತ್ತದೆ.

ದೊಡ್ಡ ಡಾಕ್ಟರು ಭಾಳ ಬೈಯುವವರು. ಪೇಪರು ಡೊಂಕಾಗಿ ಹರಿದರೂ ಬೈಗುಳ. ಆದರೆ ಒಂದು ಮಾತು ಅವರದು, ನನ್ನ ತಲೆಯಲ್ಲಿ ಇವತ್ತಿಗೂ ಇದೆ. ಗ್ರಾಫ್ ಆಮೇಲೆ, ಮೊದಲು ಮುಖ ನೋಡಬೇಕು ಎನ್ನುತ್ತಿದ್ದರು. ಆ ಮಾತಿನ ಬೆಲೆ ನನಗೆ ತಿಳಿದದ್ದು ಓಟಗಾರ್ತಿಯರು ಬರಲು ಶುರುವಾದ ಮೇಲೆ.

ಮೊದಲು ಬಂದವಳು ಕಂಪ್ಲಿ ಕಡೆಯ ಹುಡುಗಿ. ಕಾಲೇಜಿನಿಂದ ಯಾವುದೋ ಸರ್ಟಿಫಿಕೇಟಿಗೆ ಕಳಿಸಿದ್ದರು. ಮಲಗಿಸಿ ವೈರು ಹಚ್ಚಿದರೆ, ಎದೆ ಒಮ್ಮೆ ಬಡಿಯುತ್ತದೆ, ಆಮೇಲೆ ಎಲ್ಲೋ ಊರಿಗೆ ಹೋಗಿ ಬಂದಂತೆ ಇನ್ನೊಮ್ಮೆ ಬಡಿಯುತ್ತದೆ. ನಿಮಿಷಕ್ಕೆ ನಲವತ್ತರ ಆಸುಪಾಸು. ಹೊಸ ಮಿಷನ್ನು ಬೇರೆ ಕುಂಯ್ ಕುಂಯ್ ಎಂದು ಕೂಗಿಕೊಂಡಿತು. ವಾರ್ಡಿನ ಸಿಸ್ಟರು ಆಕ್ಸಿಜನ್ ಸಿಲಿಂಡರ್ ದಬ್ಬಿಕೊಂಡು ಓಡಿ ಬಂದರು. ನಾನು ವಿಠ್ಠಲನನ್ನು ನೆನೆದು ಹುಡುಗಿಯ ಮುಖ ನೋಡಿದೆ. ಅವಳು ಬಾಯಿ ದೊಡ್ಡದಾಗಿ ತೆರೆದು ಆಕಳಿಸುತ್ತಿದ್ದಳು. ಫ್ಯಾನಿನ ಕೆಳಗೆ ನಿದ್ದೆ ಬಂದುಬಿಟ್ಟಿತ್ತು.

ದೊಡ್ಡ ಡಾಕ್ಟರು ನಿವೃತ್ತರಾದ ಮೇಲೆ ಬಂದ ನಮ್ಮ ಡಾಕ್ಟರಮ್ಮ ಇದನ್ನು ಚೆನ್ನಾಗಿ ತಿಳಿಸಿ ಹೇಳಿದರು. ದಿನಾ ಮೈಲುಗಟ್ಟಲೆ ಓಡುವವರ ಹೃದಯ ಪಳಗಿದ ಎತ್ತು ಇದ್ದ ಹಾಗೆ, ಒಂದೇ ಸಲಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ಆದ್ದರಿಂದ ಕೂತಾಗ ಮಲಗಿದಾಗ ನಿಧಾನ ಬಡಿಯುತ್ತದೆ. ಅದು ರೋಗವಲ್ಲ, ಅಭ್ಯಾಸದ ಗುಣ. ಇನ್ನು ಗಂಡಸರಿಗೂ ಹೆಂಗಸರಿಗೂ ಇರುವ ವ್ಯತ್ಯಾಸವೆಂದರೆ, ಹೆಣ್ಣಿನ ಹೃದಯ ಸ್ವಲ್ಪ ಚಿಕ್ಕ ಕೊಡ. ಅಷ್ಟೇ ನೀರು ಹೊರಬೇಕಾದರೆ ಬಾವಿಗೆ ನಾಲ್ಕು ಸಲ ಹೆಚ್ಚು ಹೋಗಿ ಬರಬೇಕು. ಓಡುವಾಗ ಜೊತೆಯ ಹುಡುಗನಿಗಿಂತ ಅವಳ ಎದೆ ಜೋರು ಬಡಿದರೆ, ದುರ್ಬಲ ಎಂದು ಅರ್ಥವಲ್ಲ, ಚಿಕ್ಕ ಕೊಡದಲ್ಲಿ ದೊಡ್ಡ ಕೆಲಸ ಮಾಡುತ್ತಿದೆ ಎಂದು ಅರ್ಥ. ಮಂಜುಳಾ, ಇದನ್ನು ಗೋಡೆಗೆ ಬರೆದಿಟ್ಟುಕೊ.

ಆಮೇಲೆ ನಮ್ಮಲ್ಲಿಗೆ ಓಡುವ ಮಿಷನ್ನು ಬಂತು, ಟಿಎಂಟಿ ಎನ್ನುತ್ತಾರಲ್ಲ ಅದು. ಕಾಲಕೆಳಗೆ ಪಟ್ಟಿ ಹರಿಯುತ್ತದೆ, ಮೇಲೆ ನಿಂತವರು ಓಡಬೇಕು, ಎದೆಗೆ ವೈರು ಇರುತ್ತದೆ. ತೆಂಗಿನಕಾಯಿ ಒಡೆದು, ಕುಂಕುಮ ಹಚ್ಚಿ, ಪಟ್ಟಿಯ ಮೇಲೆ ನಿಂಬೆಹಣ್ಣು ಇಟ್ಟೆ. ಸ್ವಿಚ್ ಹಾಕಿದ ಕೂಡಲೇ ನಿಂಬೆಹಣ್ಣು ಹಾರಿ ಡಾಕ್ಟರಮ್ಮನವರ ಮಡಿಲಿಗೆ ಬಿತ್ತು. ಶುಭವೇ ಆಯಿತು ಎಂದು ನಕ್ಕರು. ಸ್ವಲ್ಪ ಹೊತ್ತಿಗೊಮ್ಮೆ ಅದು ವೇಗ ಹೆಚ್ಚಿಸಿ, ಏರು ಮಾಡುತ್ತಾ ಹೋಗುತ್ತದೆ. ನಮ್ಮ ಊರ ವ್ಯಾಪಾರಸ್ಥರು ಎರಡನೇ ಏರಿಗೇ, ಸಾಕ್ರಿ ಅಮ್ಮಾರ, ಪ್ರಾಣ ಹೋತು ಎನ್ನುತ್ತಿದ್ದರು. ಬುಕ್ಕಸಾಗರದಲ್ಲಿ ಭತ್ತದ ಗದ್ದೆಯ ಬದುವಿನ ಮೇಲೆ ಓಡಿ ಬೆಳೆದ ಒಬ್ಬ ಹುಡುಗಿ ಬಂದಿದ್ದಳು. ಎಲ್ಲಾ ಏರು ಮುಗಿದು ಮಿಷನ್ನು ತಾನೇ ನಿಂತ ಮೇಲೆ, ಇಷ್ಟೇ ಏನ್ರಿ ಎಂದು ಕೇಳಿದಳು. ಬೆವರಿಗೆ ಸ್ಟಿಕರೆಲ್ಲ ಕಿತ್ತು ಬಂದಿದ್ದವು. ಅವತ್ತಿನಿಂದ ಓಟಗಾರ್ತಿಯರಿಗೆ ಸ್ಪಿರಿಟ್ಟಿನಲ್ಲಿ ಎರಡು ಸಲ ಒರೆಸಿ, ಒಣಗಿದ ಮೇಲೆ ಸ್ಟಿಕರು ಹಚ್ಚಿ, ಮೇಲೆ ಹತ್ತಿಯ ಬಟ್ಟೆಯ ಪಟ್ಟಿ ಸುತ್ತುವುದನ್ನು ರೂಢಿ ಮಾಡಿಕೊಂಡೆ.

ಈಗ ಹುಲಿಗೆಮ್ಮನ ವಿಷಯ ಹೇಳುತ್ತೇನೆ. ಮಂಜುಳಾ, ನೀನು ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡ.

ಹುಲಿಗೆಮ್ಮ ಸಂಡೂರು ತಾಲೂಕಿನ ಬಂಡ್ರಿಯವಳು. ಎಲ್ಲರೂ ಹುಲಿಗಿ ಎನ್ನುತ್ತಿದ್ದರು. ಅವಳ ಅಪ್ಪ ಈರಣ್ಣ ಮೈನ್ಸಿನಲ್ಲಿ ಲಾರಿ ಓಡಿಸುತ್ತಿದ್ದ. ಮಗಳು ಹೊಸಪೇಟೆಯ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಾ ದೂರದ ಓಟ ಕಲಿಯುತ್ತಿದ್ದಳು. ಕಲಿಸುವವರು ಪಿ.ಟಿ. ಮಾಸ್ತರು ಶೇಕ್ಷಾವಲಿ. ಬೆಳಗಿನ ಜಾವ ಹುಡುಗಿಯರನ್ನು ಹಂಪಿ ರಸ್ತೆಗುಂಟ ಓಡಿಸಿಕೊಂಡು ಹೋಗುವುದು, ತಾವು ಹಿಂದೆ ಟಿವಿಎಸ್ ಮೇಲೆ ಬರುವುದು. ರಾಜ್ಯದ ತರಬೇತಿ ಕ್ಯಾಂಪಿಗೆ ನಮ್ಮ ಕಡೆಯಿಂದ ಒಬ್ಬಳಿಗೆ ಅವಕಾಶವಿತ್ತು, ಹುಲಿಗಿಯೇ ಆಯ್ಕೆಯಾಗಿದ್ದಳು. ಅಷ್ಟರಲ್ಲಿ ಒಂದು ದಿನ ಓಟದ ಕೊನೆಯಲ್ಲಿ ಅವಳ ಎದೆ ಡವಡವ ಹೊಡೆದುಕೊಂಡು, ಕಣ್ಣು ಕತ್ತಲೆ ಬಂದು, ಮೈಲಿಗಲ್ಲು ತಬ್ಬಿಕೊಂಡು ಕೂತುಬಿಟ್ಟಳು. ಕ್ಯಾಂಪಿನವರು ಹೃದಯ ಸರಿಯಿದೆ ಎಂದು ಡಾಕ್ಟರ ಕಾಗದ ಬೇಕು, ಇಲ್ಲದಿದ್ದರೆ ಮುಂದಿನವಳನ್ನು ಕರೆಯುತ್ತೇವೆ ಎಂದರು.

ಶನಿವಾರ ಊರಿಗೆ ಹೋಗಿದ್ದ ಹುಲಿಗಿ ಸೋಮವಾರ ಅಪ್ಪನ ಜೊತೆ ಬಂಡ್ರಿಯಿಂದ ಬಸ್ಸಿನಲ್ಲಿ ನೇರವಾಗಿ ಆಸ್ಪತ್ರೆಗೆ ಬಂದಳು. ಮಾಸ್ತರೂ ಬಂದರು. ಅವರಿಗೆ ತಮ್ಮ ಹುಡುಗಿಯರ ಮೇಲೆ ಭಾಳ ಹೆಮ್ಮೆ. ನಮ್ಮ ಹುಡುಗೇರು ಮರಳಗಾಡಿನ ಒಂಟಿ ಇದ್ದಂಗ್ರಿ, ಟಿವಿಎಸ್ ಮ್ಯಾಲೆ ನೀರಿನ ಕ್ಯಾನು ಇಟಗೊಂಡು ಹೋದ್ರೂ ಬ್ಯಾಡ ಅಂತಾರ ಎಂದು ಕಾಯುವ ಬೆಂಚಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ಈರಣ್ಣ ನಾನು ಹೆಸರು ಕೂಗಿದಾಗ ಎದ್ದು ಬಂದು, ತಗ್ಗಿದ ದನಿಯಲ್ಲಿ ಹೇಳಿದ.

"ಅಮ್ಮಾರ, ಎದಿ ಸರಿ ಇಲ್ಲ ಅಂತ ಒಂದ್ಸಲ ಕಾಗದದಾಗ ಬಿದ್ರ ಅದು ಊರಾಗೆಲ್ಲ ಬೀಳತೈತ್ರಿ. ಓಟ ಹೋದ್ರ ಹೋಗಲಿ. ಮುಂದ ಅಕಿ ಮದಿವಿ, ಬಾಳೇವು ಏನಾಗಬೇಕು."

ಒಳಗೆ ಹುಲಿಗಿಗೆ ವೈರು ಹಚ್ಚುವಾಗ ಅವಳದು ಬೇರೆ ಚಿಂತೆ. ಕೆಟ್ಟದ್ದು ಬಂದರೆ ಅದನ್ನು ಬರೆಯದ ಹಾಗೆ ಮಾಡಲಾಗುವುದಿಲ್ಲವೇ ಎಂದು ಕೇಳಿದಳು.

"ಮಿಷನ್ನು ನನ್ನ ಮಾತು ಕೇಳೂದಿಲ್ಲವ್ವಾ, ನಿನ್ನ ಎದಿ ಮಾತ ಕೇಳತದ. ನೀ ಅದಕ್ಕ ಹೇಳಿಕೊ" ಎಂದೆ. ನಕ್ಕಳು. ಹಲ್ಲು ಹೊಳೆಯುವ ನಗು.

ಮಲಗಿಸಿ ತೆಗೆದ ಗ್ರಾಫು ಚೆನ್ನಾಗಿತ್ತು. ಡಾಕ್ಟರಮ್ಮ ಎಕೋ ಎಂಬ ಎದೆಯ ಸ್ಕ್ಯಾನು ಮಾಡಿ ನೋಡಿದರು, ಹೃದಯ ಮುತ್ತಿನಂತಿದೆ ಎಂದರು. ಆದರೆ ಓಡುವ ಮಿಷನ್ನಿನ ಮೇಲೆ ಹತ್ತಿಸಿದಾಗ ಸಂಗತಿ ಬದಲಾಯಿತು. ಮೊದಲ ಏರುಗಳಲ್ಲಿ ಎಲ್ಲ ಸರಿ. ಆಮೇಲೆ ವೇಗ ಅಷ್ಟೇ ಇದ್ದರೂ ಬಡಿತ ಮಾತ್ರ ಹತ್ತುತ್ತಾ ಹೋಯಿತು. ತುಟಿ ಬಿಳುಚಿತು. ಮುಖ ನೋಡಿದ ಕೂಡಲೇ ನಾನು ಕೈ ಎತ್ತಿದೆ, ಡಾಕ್ಟರಮ್ಮ ನಿಲ್ಲಿಸಿದರು. ಬಾಗಿಲ ಸಂದಿಯಲ್ಲಿ ನೋಡುತ್ತಿದ್ದ ಈರಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಹುಲಿಗಿಯನ್ನು ಮಲಗಿಸಿ ಚಾದರ ಹೊದಿಸಿದೆವು, ಅಪ್ಪ, ಮಾಸ್ತರು ಗಾಬರಿಯಿಂದ ಒಳಗೆ ಬಂದರು. ಬೆಳಗಿನಿಂದ ಎಷ್ಟು ನೀರು ಕುಡಿದಿದ್ದೀ ಎಂದು ಡಾಕ್ಟರಮ್ಮ ಕೇಳಿದರು. ಹುಡುಗಿ ಅಪ್ಪನ ಮುಖ ನೋಡಿದಳು, ಮಾಸ್ತರ ಮುಖ ನೋಡಿದಳು. ಡಾಕ್ಟರಮ್ಮನಿಗೆ ಏನೋ ಹೊಳೆದಂತಾಯಿತು. ಗಂಡಸರಿಬ್ಬರನ್ನೂ ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳಿಸಿದರು.

"ಕುಡದಿಲ್ರೀ" ಎಂದಳು ಹುಲಿಗಿ. "ಬಸ್ಸಿನ್ಯಾಗ ಬರಾದಿತ್ತಲ್ರಿ. ಕುಡುದ್ರ ನಡುವ ಎಲ್ಲಿ ಇಳೀಲ್ರಿ."

"ಓಡೋವಾಗ?"

"ಓಡೋವಾಗೂ ಅಷ್ಟ ರೀ. ರಸ್ತೆದಾಗ ಎಲ್ಲಿ ಹೋಗಬೇಕ್ರಿ ನಾವು. ಬಾಳಿತೋಟದಾಗ ಹೋಗ್ರಿ ಅಂತಾರ, ಅಲ್ಲಿ ನೀರ ಹಾಯ್ಸೋರು ಇರ್ತಾರ, ಹಾವು ಇರ್ತಾವ. ಅದಕ್ಕ ಮಾಸ್ತರು ನೀರು ಕೊಟ್ರ ಬಾಯಾಗ ಹಾಕ್ಕೊಂಡು ಉಗುಳಿಬಿಡ್ತೀವ್ರಿ. ಹಿಂದಿನ ಸಂಜಿಂದನ ಬಂದ್ ಮಾಡ್ತೀವಿ."

ಡಾಕ್ಟರಮ್ಮ ತಮ್ಮ ಮೇಜಿನ ಮೇಲಿದ್ದ ಸ್ಟೀಲಿನ ಬಾಟಲಿಯನ್ನು ಎತ್ತಿ ಅಲ್ಲಾಡಿಸಿದರು. ತುಂಬಿತ್ತು. ಅವರು ದಿನಾ ಬಳ್ಳಾರಿಯಿಂದ ಕಾರಿನಲ್ಲಿ ಬರುವವರು. "ಮುಂಜಾನೆ ತುಂಬಿಸಿಕೊಂಡು ಬಂದಿದ್ದು, ಹಂಗ ಐತಿ ನೋಡ್ರಿ" ಎಂದು ನನ್ನ ಕಡೆ ತಿರುಗಿದರು. ಮಂತ್ರಾಲಯಕ್ಕೆ ಹೊರಟರೆ ನಾನೂ ಹಿಂದಿನ ರಾತ್ರಿಯಿಂದಲೇ ನೀರು ಬಿಡುವವಳು. ನಮ್ಮ ತಾಯಿಯೂ ಹಾಗೇ, ಅವರ ತಾಯಿಯೂ ಹಾಗೇ. ಪ್ರಯಾಣವೆಂದರೆ ನೀರು ಬಿಡುವುದು ಎಂದು ನಮಗೆ ಯಾರೂ ಕಲಿಸಿರಲಿಲ್ಲ, ಆದರೂ ಎಲ್ಲರಿಗೂ ಬರುತ್ತಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರು ಮಾಡಿದೆವು. ವೈರು ಹಚ್ಚಿದ್ದ ಹುಲಿಗಿ ನಕ್ಕಿದ್ದಕ್ಕೆ ಮಿಷನ್ನು ಹುಚ್ಚು ಹಿಡಿದಂತೆ ಗೀಚಿತು.

ಆಮೇಲೆ ಡಾಕ್ಟರಮ್ಮ ಅಪ್ಪನನ್ನೂ ಮಾಸ್ತರನ್ನೂ ಕರೆಸಿ ತಿಳಿಸಿದರು. ಸಂಪಿನಲ್ಲಿ ನೀರು ಕಡಿಮೆಯಿದ್ದರೆ ಮೋಟರು ಎಷ್ಟು ಸದ್ದು ಮಾಡಿದರೂ ಮೇಲಿನ ಟ್ಯಾಂಕು ತುಂಬುವುದಿಲ್ಲ. ಬೆವರಿನಲ್ಲಿ ನೀರು ಹೋಗುತ್ತದೆ, ಬಾಯಿಂದ ಬರುವುದಿಲ್ಲ, ಮೈಯಲ್ಲಿ ರಕ್ತದ ಪ್ರಮಾಣವೇ ಇಳಿಯುತ್ತದೆ. ಒಂದೊಂದು ಬಡಿತಕ್ಕೆ ಹೋಗುವ ರಕ್ತ ಕಡಿಮೆಯಾದಾಗ ಹೃದಯ ಜೋರು ಜೋರು ಬಡಿದು ತುಂಬಿಸಲು ನೋಡುತ್ತದೆ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣಾಂಶವೂ ಕಡಿಮೆ ಬಂದಿತ್ತು. ತಿಂಗಳು ತಿಂಗಳು ರಕ್ತ ಹೋಗುವ ಹೆಣ್ಣುಮಕ್ಕಳಿಗೆ ಅದು ಇದ್ದದ್ದೇ, ಗುಳಿಗೆ ಕೊಟ್ಟರು.

ಶೇಕ್ಷಾವಲಿ ಮಾಸ್ತರು ಟೋಪಿ ತೆಗೆದು ತಲೆ ಕೆರೆದುಕೊಂಡರು. ನಮ್ಮನ್ಯಾಗ ಮೂರು ಮಂದಿ ಹೆಣ್ಣುಮಕ್ಕಳದಾರ, ಒಬ್ಬರರ ಹೇಳಬೇಕಲ್ರಿ ಎಂದರು. ಕೇಳಿದರೆ ತಾನೇ ಹೇಳುವುದು ಎಂದು ನಾನು ಅನ್ನಲಿಲ್ಲ, ಅಂದುಕೊಂಡೆ.

ಆದರೆ ಡಾಕ್ಟರಮ್ಮ ಅವತ್ತು ಕಾಗದಕ್ಕೆ ಸಹಿ ಹಾಕಲಿಲ್ಲ. ಇದೇ ಕಾರಣ ಎಂದು ನನಗನ್ನಿಸುತ್ತದೆ, ಆದರೆ ಅನ್ನಿಸಿದ್ದಕ್ಕೆ ಸಹಿ ಹಾಕಲಾಗುವುದಿಲ್ಲ ಎಂದರು. ಕೆಲವು ವಾರ ಗುಳಿಗೆ ನುಂಗಿ, ನೀರು ಕುಡಿದು, ಓಡಲಿ. ಆಮೇಲೆ ಹೋಲ್ಟರ್ ಕಟ್ಟಿ ಅದೇ ರಸ್ತೆಯಲ್ಲಿ ಓಡಿಸೋಣ. ಹೋಲ್ಟರ್ ಎಂದರೆ ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಪೆಟ್ಟಿಗೆ, ಒಂದಿಡೀ ದಿನದ ಎದೆಬಡಿತವನ್ನೆಲ್ಲ ಹಿಡಿದಿಡುತ್ತದೆ. ಅದರಲ್ಲಿ ಸರಿ ಬಂದರೆ ಕ್ಯಾಂಪು, ಇಲ್ಲದಿದ್ದರೆ ಇಲ್ಲ. ಅಲ್ಲಿಯವರೆಗೆ ಕಾಯುವಂತೆ ಕ್ಯಾಂಪಿನವರನ್ನು ಕೇಳಿಕೊಳ್ಳುತ್ತೇನೆ ಎಂದರು ಮಾಸ್ತರು.

ಈರಣ್ಣ ಆಯ್ತ್ರಿ ಎಂದ. ಹೊರಡುವಾಗ ಡಾಕ್ಟರಮ್ಮ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ನೀರು ಕುಡಿ ಅಂತ ಚೀಟಿ ಬರೀಬಹುದು ಅಮ್ಮಾ. ಹೋಗಾಕ ಜಾಗ ಎಲ್ಲಿಂದ ಬರಕೊಡಲಿ."

ಆ ಮಾತು ನನ್ನ ಜೊತೆಯೇ ಮನೆಗೆ ಬಂತು. ನಮ್ಮ ಮನೆ ಅನಂತಶಯನಗುಡಿಯಲ್ಲಿ, ಆ ಹುಡುಗಿಯರು ಓಡುವ ರಸ್ತೆಯ ಮೇಲೆಯೇ. ದಿನಾ ಬೆಳಿಗ್ಗೆ ರಂಗೋಲಿ ಹಾಕುವಾಗ ಅವರ ಬೂಟಿನ ಸದ್ದು ಕೇಳಿ ತಲೆ ಎತ್ತುತ್ತಿದ್ದೆ, ಒಳ್ಳೆಯದಾಗಲಿ ಎನ್ನುತ್ತಿದ್ದೆ, ಒಳಗೆ ಹೋಗುತ್ತಿದ್ದೆ. ಹಿತ್ತಲಲ್ಲಿ ಬಚ್ಚಲು ಖಾಲಿಯೇ ಇರುತ್ತಿತ್ತು.

ಶನಿವಾರದ ಭಜನೆ ಮುಗಿದು, ಮಂಗಳಾರತಿ ಆಗಿ, ಅವಲಕ್ಕಿ ಪ್ರಸಾದ ಹಂಚುವಾಗ ನಮ್ಮ ಮಂಡಳಿಯ ಹೆಂಗಸರ ಮುಂದೆ ಈ ಮಾತು ತೆಗೆದೆ. ಬೆಳಗಿನ ಹೊತ್ತು ಒಂದು ತಾಸು ಹಿತ್ತಲ ಬಾಗಿಲು ತೆಗೆದಿಡಿರಿ, ಹುಡುಗಿಯರು ಬಂದು ಹೋಗಲಿ ಎಂದೆ. ಒಮ್ಮೆಗೇ ಎಲ್ಲರಿಗೂ ಅವಲಕ್ಕಿ ಭಾಳ ರುಚಿಯಾಯಿತು, ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಒಬ್ಬರ ಮನೆಯಲ್ಲಿ ಗಂಡ ಡ್ಯೂಟಿಗೆ ಹೋಗುವ ಹೊತ್ತು, ಇನ್ನೊಬ್ಬರಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ. ಮತ್ತೊಬ್ಬರು ಹುಡುಗೇರು ಯಾರ ಪೈಕಿ ಎಂದು ಕೇಳಿದರು. ಕೇಳಿಯೇ ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಓಡುವವರ ಪೈಕಿ ಎಂದೆ.

ಆಗ ಮೂಲೆಯಲ್ಲಿದ್ದ ರಾಧಾಬಾಯಿ ಕೆಮ್ಮಿದರು. ನಮ್ಮಲ್ಲೆಲ್ಲ ಹಿರಿಯರು, ಮಡಿಯಲ್ಲಿ ಅವರನ್ನು ಮೀರಿಸಿದವರಿಲ್ಲ. ಬೆಳಗಿನ ಪೂಜೆ ಮುಗಿಯುವವರೆಗೆ ಯಾರನ್ನೂ ಮುಟ್ಟುವುದಿಲ್ಲ, ಮೌನ ಬೇರೆ.

"ನಮ್ಮನಿ ಬಚ್ಚಲಾ ಹಿತ್ತಲದಾಗ ಹೊರಗ ಅದ. ಬರಲಿ. ನನ್ನ ಮುಟ್ಟಬಾರದು, ಮಾತಾಡಿಸಬಾರದು. ಅಷ್ಟ."

ರಾಧಾಬಾಯಿಯೇ ಒಪ್ಪಿದ ಮೇಲೆ ಉಳಿದವರದೇನು? ನಮ್ಮ ಗುಡಿಯ ಪೂಜಾರಿಯವರ ಹೆಂಡತಿಯೂ ಒಪ್ಪಿದರು. ಅತ್ತ ಕಡ್ಡಿರಾಂಪುರದಲ್ಲಿ ನಮ್ಮ ಆಸ್ಪತ್ರೆಯ ಆಯಾ ದುರಗಮ್ಮನ ಮನೆಯಿತ್ತು. ಅವಳು ನಾನು ಪೂರ್ತಿ ಹೇಳುವ ಮೊದಲೇ, ಅದಕ್ಕೇನು ಕೇಳ್ತೀರಿ ಬಿಡ್ರಿ ಎಂದುಬಿಟ್ಟಳು. ಬಾಗಿಲು ತೆರೆದಿದೆ ಎನ್ನಲು ಕಾಂಪೌಂಡಿನ ಮೇಲೆ ಒಂದು ತಂಬಿಗೆ ಬೋರಲು ಇಡುವುದೆಂದು ಮಾತಾಯಿತು.

ಮೊದಲ ವಾರ ಹುಡುಗಿಯರು ಸಂಕೋಚಪಟ್ಟುಕೊಂಡು ಕಳ್ಳರ ಹಾಗೆ ಬರುತ್ತಿದ್ದರು. ಆಮೇಲೆ ರೂಢಿಯಾಯಿತು. ಮಾಸ್ತರ ಕ್ಯಾನಿನಲ್ಲಿ ನೀರು ಮುಗಿದು, ಅವರು ತಿರುಗಿ ತುಂಬಿಸಿಕೊಳ್ಳಲು ನಮ್ಮ ಮನೆಗೇ ಬರುತ್ತಿದ್ದರು.

ಹೋಲ್ಟರ್ ಪೆಟ್ಟಿಗೆ ನಮ್ಮಲ್ಲಿ ಒಂದೇ ಇತ್ತು. ಅದು ಬಿಡುವಾಗಿ ಸಿಕ್ಕ ದಿನ ನೋಡಿದರೆ ದ್ವಾದಶಿ. ಹಿಂದಿನ ದಿನ ಏಕಾದಶಿಯ ಉಪವಾಸ, ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಪಾರಣೆ ಮಾಡಬೇಕು. ನನ್ನ ಪಾರಣೆಯನ್ನು ವಿಠ್ಠಲನ ಮೇಲೆ ಹಾಕಿ, ತಿರುಗಿ ಬಂದು ಉಂಡರಾಯಿತು ಎಂದುಕೊಂಡೆ. ನಮ್ಮ ನಡುಮನೆಯಲ್ಲೇ ಹುಲಿಗಿಗೆ ಸ್ಟಿಕರು ಹಚ್ಚಿ, ಬಟ್ಟೆ ಸುತ್ತಿ, ಪೆಟ್ಟಿಗೆ ಕಟ್ಟಿದೆ. ಒಂದು ತಂಬಿಗೆ ನೀರು ಕುಡಿಸಿದೆ. ವೈರು ಕಿತ್ತರೆ ಯಾರು ನೋಡಬೇಕು ಎಂದು ಮಾಸ್ತರು ಕೇಳಿದರು. ನಾನೇ ಟಿವಿಎಸ್ ಹಿಂದೆ ಹತ್ತಿದೆ. ರಂಗೋಲಿ ಹಾಕುತ್ತಿದ್ದ ಓಣಿಯ ಹೆಂಗಸರೆಲ್ಲ ಬಗ್ಗಿದವರು ಬಗ್ಗಿದ ಹಾಗೇ ನಿಂತು ನೋಡಿದರು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ಹೆಲ್ಮೆಟ್ ಇಲ್ಲಲ್ಲ ಎಂದಷ್ಟೇ ಅಂದರು.

ಹುಲಿಗಿ ಓಡಿದಳು. ಬಾಳೆತೋಟ, ಕಬ್ಬಿನ ಗದ್ದೆ, ಕಡ್ಡಿರಾಂಪುರದ ಬಂಡೆಗಳು, ಎಲ್ಲ ದಾಟಿ ಹಂಪಿಯ ಗೋಪುರ ಕಾಣುವವರೆಗೆ ಹೋಗಿ ತಿರುಗಿದಳು. ನಡುವೆ ಮಾಸ್ತರು ಕೊಟ್ಟಾಗೆಲ್ಲ ನೀರು ಕುಡಿದಳು, ಒಂದು ಹನಿ ಉಗುಳಲಿಲ್ಲ. ಬಿಸಿಲು ಏರಿತ್ತು. ಮೊದಲು ಕುಸಿದು ಕೂತಿದ್ದ ಮೈಲಿಗಲ್ಲು ಬಂತು. ನಾನು ಮಾಸ್ತರ ಹೆಗಲು ಬಿಗಿ ಹಿಡಿದೆ. ಹುಡುಗಿ ಅದರ ಕಡೆ ನೋಡಲೂ ಇಲ್ಲ, ದಾಟಿ ಹೋದಳು.

ರಾಧಾಬಾಯಿಯವರ ಮನೆ ಹತ್ತಿರ ಬರುತ್ತಿದ್ದಂತೆ ಅವಳ ಓಟದ ಹೆಜ್ಜೆ ಬದಲಾಯಿತು. ಅಷ್ಟು ನೀರು ಕುಡಿದಿದ್ದಳಲ್ಲ, ಹೋಗಲೇಬೇಕಿತ್ತು. ಆದರೆ ಕಾಂಪೌಂಡಿನ ಮೇಲೆ ತಂಬಿಗೆ ಇರಲಿಲ್ಲ. ದ್ವಾದಶಿಯ ಗಡಿಬಿಡಿಯಲ್ಲಿ ಮರೆತಿದ್ದರು, ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಒಳಗೆ ಪೂಜೆಯ ಗಂಟೆ ಬಾರಿಸುತ್ತಿದೆ. ಹುಲಿಗಿ ಬಾಗಿಲು ಬಡಿದು ಅಮ್ಮಾರ, ಅಮ್ಮಾರ ಎಂದಳು. ಮಾತಾಡಿಸಬಾರದು ಎಂದವರನ್ನು ಮೌನದ ಹೊತ್ತಿನಲ್ಲೇ ಕೂಗುತ್ತಿದ್ದಾಳೆ. ಮುಗಿಯಿತು ನಮ್ಮ ಕಥೆ ಎಂದು ನಾನು ಕಣ್ಣು ಮುಚ್ಚಿದೆ.

ಗಂಟೆಯ ಸದ್ದು ನಿಲ್ಲಲಿಲ್ಲ, ಹತ್ತಿರ ಬಂತು. ಅಗುಳಿ ಸರಿಯಿತು. ಒದ್ದೆ ಮಡಿ ಸೀರೆಯುಟ್ಟ ರಾಧಾಬಾಯಿ ಎಡಗೈಯಲ್ಲಿ ಬಾಗಿಲು ತೆಗೆದು, ಬಲಗೈಯ ಗಂಟೆಯನ್ನು ಬಚ್ಚಲ ಕಡೆ ಬಾರಿಸುತ್ತಾ, ಹೋಗು ಹೋಗು ಎಂದು ಸನ್ನೆ ಮಾಡುತ್ತಿದ್ದರು. ನುಗ್ಗಿದ ಹುಡುಗಿಯ ಬೆವರಿನ ತೋಳು ಅವರ ಮೈಗೆ ಸವರಿಕೊಂಡೇ ಹೋಯಿತು. ಅವರು ತುಟಿ ಪಿಟಕ್ಕೆನ್ನಲಿಲ್ಲ. ಹುಲಿಗಿ ಹೊರಬಂದು ಮತ್ತೆ ಓಡಿದ ಮೇಲೆ, ಬಾವಿಕಟ್ಟೆಗೆ ಹೋಗಿ ಎರಡು ಕೊಡ ತಣ್ಣೀರು ತಲೆಯ ಮೇಲೆ ಸುರಿದುಕೊಂಡು, ಪೂಜೆ ಮೊದಲಿನಿಂದ ಶುರು ಮಾಡಿದರಂತೆ. ಮಧ್ಯಾಹ್ನ ನಾನು ಹೋಗಿ ಕೈ ಮುಗಿದೆ.

"ಇನ್ನೊಂದು ಸಲ ಸ್ನಾನ ಮಾಡಿದರ ನಾ ಏನು ಕರಗಿ ಹೋಗ್ತೇನೇನ? ಕೂಡು, ಪಾಯಸ ಉಳದದ" ಎಂದರು.

ಮರುದಿನ ಡಾಕ್ಟರಮ್ಮನ ಕೋಣೆಯಲ್ಲಿ ಈರಣ್ಣ, ಮಾಸ್ತರು, ಹುಲಿಗಿ, ನಾನು, ಎಲ್ಲರೂ ನಿಂತಿದ್ದೆವು. ಅವರು ಕಂಪ್ಯೂಟರಿನಲ್ಲಿ ಬಡಿತಗಳನ್ನು ಸರಿಸುತ್ತಾ ಹೋದರು. ಓಟ ಶುರುವಾದಾಗ ಬಡಿತ ಹತ್ತುವುದು ಚೆನ್ನಾಗಿದೆ ಎಂದರು. ದೂರ ಹೋದಂತೆ ಬಡಿತ ಒಂದೇ ಸಮ ಇದೆ, ಹೋದ ಸಲದ ಹಾಗೆ ಏರಿಲ್ಲ ಎಂದರು. ಹುಲಿಗಿ ನನ್ನ ಕೈ ಹಿಡಿದುಕೊಂಡಳು. ಇನ್ನೇನು ಮುಗಿಯಿತು ಎನ್ನುವಾಗ ಡಾಕ್ಟರಮ್ಮನ ಬೆರಳು ನಿಂತಿತು. ಒಂದು ಕಡೆ ಬಡಿತ ಒಮ್ಮೆಲೇ ಮೇಲೆ ಜಿಗಿದಿತ್ತು, ಇಡೀ ಓಟದಲ್ಲಿ ಅದೇ ಎಲ್ಲಕ್ಕಿಂತ ಎತ್ತರ.

"ಇಲ್ಲಿ ಏನಾತು?"

ಈರಣ್ಣನ ಮುಖ ಸಣ್ಣದಾಯಿತು. ಹುಲಿಗಿ ಬಗ್ಗಿ ಟೈಮು ನೋಡಿದಳು.

"ಅಲ್ಲಿ ರಾಧಾಬಾಯಾರ ಬಾಗಲಾ ಹಾಕಿತ್ರಿ" ಎಂದಳು.

ಡಾಕ್ಟರಮ್ಮನಿಗೆ ಪೂರ್ತಿ ಕಥೆ ಹೇಳುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬಂದಿತ್ತು, ನಕ್ಕು ನಕ್ಕು. ಬಾಗಿಲು ತೆರೆದ ಮೇಲೆ ಬಡಿತ ಎಷ್ಟು ಚೆಂದ ಇಳಿದಿದೆ ನೋಡಿರಿ, ಗಟ್ಟಿ ಎದೆಯ ಗುರುತು ಅದೇ, ಏರುವುದಲ್ಲ, ಇಳಿಯುವುದು ಎಂದು ಹೇಳಿ, ಕಾಗದ ಎಳೆದುಕೊಂಡು ಸಹಿ ಹಾಕಿದರು. ಈರಣ್ಣ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಓದಲು ಬಾರದಿದ್ದರೂ ಮೇಲಿನಿಂದ ಕೆಳಗೆ ಪೂರ್ತಿ ನೋಡಿದ.

ಮಂಜುಳಾ, ಆದ್ದರಿಂದ ಸೋಮವಾರ ಹುಡುಗಿಯರು ಬಂದಾಗ, ಮಲಗಿಸುವ ಮೊದಲು ಬಚ್ಚಲು ಎಲ್ಲಿದೆ ಎಂದು ತೋರಿಸು. ಬಾಗಿಲಿಗೆ ಚಿಲಕ ಇದೆಯೋ ನೋಡು. ನೀರು ಕೊಡು. ಎಲ್ಲಿಂದ ಬಂದಿರಿ, ಎಷ್ಟು ಹೊತ್ತಿನ ಬಸ್ಸು ಎಂದು ಕೇಳು. ಅಪ್ಪ, ಮಾಸ್ತರು ಯಾರಿದ್ದರೂ ಹೊರಗೆ ಕಳಿಸಿ ಕೇಳು. ತಿಂಗಳ ವಿಷಯವನ್ನೂ ಕೇಳು. ಬಡಿತ ನಿಧಾನ ಇದ್ದರೆ ಗಾಬರಿಯಾಗಬೇಡ, ಜೋರಿದ್ದರೂ ಗಾಬರಿಯಾಗಬೇಡ. ತಲೆ ಸುತ್ತುತ್ತದೆ, ಎದೆ ಹಿಡಿಯುತ್ತದೆ, ಮನೆಯಲ್ಲಿ ಚಿಕ್ಕ ವಯಸ್ಸಿನವರು ಯಾರೋ ಹಠಾತ್ತನೆ ಹೋದರು ಎಂದರೆ ಮಾತ್ರ ಒಂದು ನಿಮಿಷವೂ ತಡಮಾಡದೆ ಡಾಕ್ಟರಮ್ಮನನ್ನು ಕರೆ. ನಮ್ಮ ಕೆಲಸ ಸರಿಯಾಗಿ ಬರೆಸಿಕೊಡುವುದು. ಓದುವುದು ಅವರ ಕೆಲಸ.

ಹುಲಿಗಿ ಕ್ಯಾಂಪಿಗೆ ಹೊರಟ ದಿನ ಅಪ್ಪನ ಜೊತೆ ನಮ್ಮ ಮನೆಗೆ ಬಂದಳು. ಹೊಸ ಬೂಟು, ಹೆಗಲಿಗೆ ಚೀಲ. ಮಧ್ಯಾಹ್ನದ ಬಸ್ಸು, ದೂರದ ದಾರಿ. ದೇವರ ಮುಂದೆ ಕೂಡಿಸಿ ಕುಂಕುಮ ಹಚ್ಚಿದೆ, ಹುಳಿಯನ್ನ ಕಟ್ಟಿಕೊಟ್ಟೆ. ಅವಳು ಅಡುಗೆಮನೆ ಬಾಗಿಲಿಗೆ ಬಂದು ನೀರು ಕೇಳಿದಳು. ದೊಡ್ಡ ತಂಬಿಗೆ ಕೊಟ್ಟೆ. ನಿಂತಲ್ಲೇ ಗಟಗಟ ಎತ್ತಿ ಕುಡಿಯತೊಡಗಿದಳು. ಈರಣ್ಣ ಅಷ್ಟೆಲ್ಲಾ ಕಲಿತಿದ್ದರೂ ಅಪ್ಪನಲ್ಲವೇ, ತಡೆಯಲಾಗಲಿಲ್ಲ.

"ಸಾಕ ಬಿಡವ್ವ, ಬಸ್ಸಿನ್ಯಾಗ ಹೋಗಬೇಕು."

ಹುಲಿಗಿ ತಂಬಿಗೆ ಖಾಲಿ ಮಾಡಿ, ತುಟಿ ಒರೆಸಿಕೊಂಡು, ಕೆಳಗಿಟ್ಟಳು.

"ನಿಂದ್ರಸಂತೀನಿ ಬಿಡಪ್ಪ" ಎಂದಳು. "ನೀನೂ ಡ್ರೈವರ್ ಅದೀಯಲ್ಲ, ಹೆಣ್ಮಗಳು ನಿಂದ್ರಸು ಅಂದ್ರ ನಿಂದ್ರಸಲ್ಲೇನು?"

ಈರಣ್ಣ ನನ್ನ ಕಡೆ ನೋಡಿದ. ಮೀಸೆಯ ಅಡಿಯಲ್ಲಿ ನಗು ಬಂತು. ಚೀಲ ತಾನೇ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ತಿರುವಿನವರೆಗೂ ನಿಂತು ನೋಡಿದೆ. ಹುಡುಗಿ ನಡೆಯುತ್ತಿರಲಿಲ್ಲ, ಅಪ್ಪನ ಸುತ್ತ ಓಡುತ್ತಿದ್ದಳು. ದೇವರು ದೊಡ್ಡದೇನೂ ಕೊಡದಿದ್ದರೂ ಇಂಥ ಒಂದೊಂದನ್ನು ಕಣ್ಣಿಗೆ ಬೀಳಿಸುತ್ತಾನೆ, ಸಾಕು.

ಬೆಳಗಿನಿಂದ ಉಳಿದ ಹುಡುಗಿಯರೆಲ್ಲ ಬಂದು ಹೋಗಿದ್ದರು. ಹಿತ್ತಲ ತುಂಬ ಕೆಂಪು ಮಣ್ಣಿನ ಬೂಟಿನ ಗುರುತು. ಸೆರಗು ಸಿಕ್ಕಿಸಿಕೊಂಡು, ತೆಂಗಿನ ನಾರಿನ ಬ್ರಷ್ಷು ಹಿಡಿದು, ಬಚ್ಚಲು ತಿಕ್ಕಲು ಹೋದೆ.